ಅರಗಿನ ಮುದ್ರೆ

"ಗುರುಗಳೇ, ಈ ವೈದ್ಯಗ್ರಂಥ ಬಹಳ ಶ್ರೇಷ್ಠವಾದುದು. ಆದರೆ ಬರೆದವರಿಗೆ ಬಿಡಿಗಾಸೂ ಸಿಗಲಿಲ್ಲ, ಮಾರಿದ ವರ್ತಕ ಮಾತ್ರ ಕುಬೇರನಾದ. ಇದು ಕಳ್ಳತನವಲ್ಲವೇ?" ಎಂದು ಶಿಷ್ಯ ಕೇಳಿದ. ಪೇಟೆಯಿಂದ ದುಬಾರಿ ಬೆಲೆ ತೆತ್ತು ತಂದ ಓಲೆಯ ಕಟ್ಟು ಅವನ ತೊಡೆಯ ಮೇಲಿತ್ತು.

ಗುರುಗಳು ನಕ್ಕರು. "ಕಳ್ಳ ಎನ್ನಬೇಡ. ಅಂಥವನ ಜಾಣತನಕ್ಕೆ ನಾನೂ ತಲೆದೂಗುತ್ತೇನೆ. ಕೇಳು" ಎಂದು ಹೇಳತೊಡಗಿದರು.

ಒಂದು ಸೀಮೆಯಲ್ಲಿ ಊರಿಗೊಬ್ಬ ವೈದ್ಯನಿದ್ದ. ಯಾರಿಗಾದರೂ ಹೊಸ ಮದ್ದು ಹೊಳೆದರೆ ಓಲೆಯಲ್ಲಿ ಬರೆದು ಒಬ್ಬ ವರ್ತಕನ ಕೈಗೆ ಕೊಡುತ್ತಿದ್ದರು. ವರ್ತಕನಿಗೆ ಬೇರು ಯಾವುದು, ನಾರು ಯಾವುದು ತಿಳಿಯದು. ಅವನು ಬರೆದವರ ಹೆಸರು ತೆಗೆದು, ಓಲೆಯನ್ನು ದೂರದ ಊರಿನ ಮತ್ತೊಬ್ಬ ವೈದ್ಯನಿಗೆ ಕಳಿಸುತ್ತಿದ್ದ. ಆ ವೈದ್ಯ ಊಟ ನಿದ್ದೆ ಬಿಟ್ಟು ಪರೀಕ್ಷಿಸಿ, ತಪ್ಪು ತಿದ್ದಿ ಹಿಂದಿರುಗಿಸುತ್ತಿದ್ದ. ಪ್ರತಿ ಇಟ್ಟುಕೊಳ್ಳುವಂತಿಲ್ಲ, ಯಾರಿಗೂ ಹೇಳುವಂತಿಲ್ಲ. ಅದು ಕಟ್ಟಳೆ. ಕೂಲಿ ಕೇಳಿದರೆ ವಿದ್ಯೆಗೆ ಅವಮಾನವೆಂದು ಅವರೆಲ್ಲ ತಿಳಿದಿದ್ದರು. ಎಂಥ ದೊಡ್ಡ ಮನಸ್ಸು ನೋಡು! ಆಮೇಲೆ ವರ್ತಕ ತಿದ್ದಿದ್ದನ್ನು ಬರೆದವರಿಗೆ ತೋರಿಸಿ, ಅಂದವಾಗಿ ಪ್ರತಿ ಮಾಡಿಸಿ, ಕಟ್ಟು ಕಟ್ಟಿ, ಗಂಟಿನ ಮೇಲೆ ಅರಗಿನ ಮುದ್ರೆ ಒತ್ತಿ, ಅದೇ ವೈದ್ಯರಿಗೆ ಮಾರುತ್ತಿದ್ದ.

ಅವನೇನು ಸೋಮಾರಿಯಲ್ಲ. ಹೊಳೆ ದಾಟಿ, ಬೆಟ್ಟ ಹತ್ತಿ, ಗೆದ್ದಲಿಗೂ ಮಳೆಗೂ ಕೊಡದೆ ಕಟ್ಟುಗಳನ್ನು ಊರೂರಿಗೆ ಮುಟ್ಟಿಸುತ್ತಿದ್ದ. ಅವನ ಮುದ್ರೆಯಿದ್ದ ಮದ್ದು ಒಮ್ಮೆಯೂ ಕೈಕೊಡಲಿಲ್ಲ. ಮುದ್ರೆಗೆ ಹೆಸರು ಬಂತು. ತನ್ನ ಓಲೆಗೆ ಆ ಮುದ್ರೆ ಪಡೆದ ವೈದ್ಯನನ್ನೇ ಅರಮನೆಯವರು ಆಸ್ಥಾನಕ್ಕೆ ಕರೆದರು. ಚಿಲ್ಲರೆ ವರ್ತಕರು ತಮ್ಮ ಮುದ್ರೆಗಳನ್ನೂ ಈ ವರ್ತಕನಿಗೇ ಮಾರಿ ಕೈತೊಳೆದುಕೊಂಡರು. ಬೆಲೆ ವರ್ಷ ವರ್ಷವೂ ಏರಿತು. ವೈದ್ಯರು ಗೊಣಗಿದಾಗ, "ಬೇಕಾದರೆ ಬರೆದವರೇ ಬೆಲೆ ಕೊಡಲಿ, ಓದುವವರಿಗೆ ಬಿಟ್ಟಿ ಹಂಚುತ್ತೇನೆ" ಎಂದ. ಅವರು ಅದಕ್ಕೂ ಒಪ್ಪಿ ತಲೆಯಾಡಿಸಿದರು. ಕೊಡಲಾರದವರ ಕಟ್ಟು ಮಾತ್ರ ಮೊದಲಿನಂತೆಯೇ ದುಬಾರಿಯಾಗಿ ಉಳಿಯಿತು. ಇಂಥವನನ್ನು ಮೆಚ್ಚದಿರುವುದು ಹೇಗೆ, ಹೇಳು?

ಒಂದು ವರ್ಷ ಬೆಟ್ಟದ ಕೆಳಗಿನ ಊರಿನಲ್ಲಿ ಮಕ್ಕಳಿಗೆ ವಿಪರೀತ ಜ್ವರ ಬಂತು. ಅದಕ್ಕೆ ಒಂದು ವಿಷದ ಗಿಡದ ಬೇರು ಮದ್ದಾಗುತ್ತದೆ ಎಂಬುದು ಆ ಊರಿನ ವೈದ್ಯನಿಗೆ ನೆನಪಿತ್ತು. ಎಷ್ಟೋ ಹಿಂದೆ ಅಂಥದೊಂದು ಓಲೆ ಅವನ ಬಳಿಗೆ ಪರೀಕ್ಷೆಗೆ ಬಂದಿತ್ತು. ಅಳತೆ ಮಾತ್ರ ಮರೆತಿತ್ತು. ಅಳತೆ ತಪ್ಪಿದರೆ ಮದ್ದೇ ಕೊಲ್ಲುತ್ತದೆ. ಮುದ್ರೆಯ ಕಟ್ಟು ಕೊಳ್ಳುವುದು ಊರೆಲ್ಲ ಸೇರಿದರೂ ಆಗಲಿಲ್ಲ.

ಸುದ್ದಿ ಕೇಳಿ ಬೆಟ್ಟದ ಆಚೆಯಿಂದ ಒಬ್ಬ ವೈದ್ಯೆ ಓಡೋಡಿ ಬಂದಳು. ಆ ಮದ್ದನ್ನು ಕಂಡುಕೊಂಡವಳು ಅವಳೇ. ತಾನು ಬರೆದಿದ್ದ ಓಲೆಯನ್ನು ಸೆರಗಿನಿಂದ ಬಿಚ್ಚಿ ಅವನ ಮುಂದಿಟ್ಟಳು. ವೈದ್ಯ ಅದನ್ನು ಓದಲಿಲ್ಲ, ಅತ್ತಿತ್ತ ತಿರುಗಿಸಿ ನೋಡಿದ.

"ತಾಯಿ, ಇದಕ್ಕೆ ಮುದ್ರೆಯೇ ಇಲ್ಲ. ಯಾರು ನೋಡಿದ್ದಾರೋ ಬಿಟ್ಟಿದ್ದಾರೋ. ಇದನ್ನು ನಂಬಿ ಮಕ್ಕಳ ಬಾಯಿಗೆ ವಿಷ ಹೇಗೆ ಹಾಕಲಿ?" ಎಂದ.

"ಅಣ್ಣಾ, ಮುದ್ರೆ ಒತ್ತುವ ಮೊದಲೇ ಒಬ್ಬರು ನೋಡಿದ್ದಾರೆ. ನಾನು ದೊಡ್ಡವರಿಗೂ ಮಕ್ಕಳಿಗೂ ಒಂದೇ ಅಳತೆ ಬರೆದಿದ್ದೆ. ಮಕ್ಕಳ ಎದೆಬಡಿತ ನಿಂತೀತು, ಕಾಲು ಪಾಲು ಸಾಕು, ಅದನ್ನೂ ಹಾಲಿನಲ್ಲಿ ಬೇಯಿಸಿ ಕೊಡಿ ಎಂದು ಆ ಪುಣ್ಯಾತ್ಮರು ತಿದ್ದಿದರು. ಯಾರೋ ಏನೋ, ದಿನವೂ ಅವರಿಗೆ ಕೈಮುಗಿಯುತ್ತೇನೆ" ಎಂದಳು.

ವೈದ್ಯನ ಕಣ್ಣು ತುಂಬಿ ಬಂತು. ಹಾಲಿನಲ್ಲಿ ಬೇಯಿಸಿ ಎಂದು ತಿದ್ದಿದವನು ಅವನೇ. ತನ್ನ ಮಾತನ್ನೇ ನಂಬುವುದಕ್ಕೆ ವರ್ತಕನ ಅರಗಿಗಾಗಿ ಕಾದು ಕುಳಿತಿದ್ದ. ಅವನು ಎದ್ದು ಒಲೆಯ ಮೇಲೆ ಹಾಲಿಟ್ಟ. ಮಕ್ಕಳು ಬದುಕಿದರು.

ಕತೆ ಮುಗಿಯಿತು. ಶಿಷ್ಯ ತೊಡೆ ತಟ್ಟಿ ನಕ್ಕ. "ಎಂಥ ಮಂಕು ವೈದ್ಯ, ಗುರುಗಳೇ! ಓಲೆ ಕೈಯಲ್ಲೇ ಇದ್ದರೂ ಓದದೆ ಮುದ್ರೆ ಹುಡುಕಿದನಲ್ಲ!"

ಗುರುಗಳು ಅವನ ತೊಡೆಯ ಮೇಲಿನ ಕಟ್ಟಿನತ್ತ ನೋಡಿದರು.

"ಬಹಳ ಶ್ರೇಷ್ಠವಾದುದು ಎಂದೆಯಲ್ಲ ಮಗು, ಅದರ ಅರಗು ಇನ್ನೂ ಒಡೆದಿಲ್ಲ."