ಮರದ ಕೆಳಗಿನ ನಿರ್ಲಕ್ಷ್ಯ

ತಿಪಟೂರಿನ ಪಂಚಾಕ್ಷರಿಯ ಬಾಡಿಗೆ ಕಾರಿನ ಮೇಲೆ ತೆಂಗಿನಕಾಯಿ ಬಿದ್ದು ಮುಂದಿನ ಗಾಜು ಪುಡಿಯಾಯಿತು. ಕಾರು ಓಡದಿದ್ದರೆ ಅವನ ಮನೆಯ ಒಲೆ ಉರಿಯದು. ವಿಮಾ ಕಚೇರಿಗೆ ಹೊಸದಾಗಿ ಬಂದಿದ್ದ ಅಧಿಕಾರಿ ಅವನ ಅರ್ಜಿಯನ್ನು ಬೆರಳ ತುದಿಯಲ್ಲಿ ಹಿಂದಕ್ಕೆ ತಳ್ಳಿದರು.

"ತೆಂಗಿನ ಮರದ ಕೆಳಗೆ ಕಾರು ನಿಲ್ಲಿಸಿದ್ದು ನಿಮ್ಮ ನಿರ್ಲಕ್ಷ್ಯ. ಪರಿಹಾರ ಇಲ್ಲ, ಹೋಗ್ರಿ."

"ಆಗಲಿ ಸಾರ್. ಅದನ್ನೇ ಬರೆದು ಸೀಲು ಹಾಕಿಕೊಡಿ. ಕ್ಲೇಮು ಕೊಡಲ್ಲ ಅಂದಮೇಲೆ ಕಾರಣ ಬರಹದಲ್ಲಿ ಕೇಳೋದು ನನ್ನ ಹಕ್ಕು."

ಅಧಿಕಾರಿ ಖುಷಿಯಿಂದಲೇ ಬರೆದರು. ತೆಂಗಿನ ಮರದ ಕೆಳಗೆ ವಾಹನ ನಿಲ್ಲಿಸುವವರೆಲ್ಲ ಬೇಜವಾಬ್ದಾರಿ ಮನುಷ್ಯರು ಎಂದು ಒಂದು ಸಾಲು ಹೆಚ್ಚಾಗಿಯೇ ಸೇರಿಸಿದರು.

ಪಂಚಾಕ್ಷರಿ ಪತ್ರವನ್ನು ಜೇಬಿಗಿಟ್ಟು ಹೊರಗೆ ಹೋದ. ಮರಳಿ ಬಂದು ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದ. ಕಚೇರಿ ಅಂಗಳದ ತೆಂಗಿನ ಮರಕ್ಕೆ 'ಅಧಿಕಾರಿಗಳ ವಾಹನಕ್ಕೆ ಮಾತ್ರ' ಎಂಬ ಫಲಕ ಹೊಡೆದಿದ್ದರು. ಅದರ ಕೆಳಗೇ ಈ ಅಧಿಕಾರಿಯ ಬಿಳಿ ಕಾರು ನಿಂತಿತ್ತು.

"ಇದನ್ನೂ ನಿಮ್ಮ ಪತ್ರವನ್ನೂ ಸೇರಿಸಿ ವಿಮಾ ಲೋಕಪಾಲರಿಗೆ ದೂರು ಕೊಡ್ತೀನಿ ಸಾರ್."

"ಆ ಪತ್ರ ಈಚೆ ಕೊಡ್ರಿ!"

"ಇದು ನನ್ನದಾಯ್ತಲ್ಲ ಸಾರ್. ಬೇಕಾದರೆ ಇನ್ನೊಂದು ಬರೀರಿ."

ಅಧಿಕಾರಿ ಇನ್ನೊಂದು ಬರೆದರು. ಅದರಲ್ಲಿ ಪರಿಹಾರ ಮಂಜೂರಾಗಿತ್ತು, ತೆಂಗಿನ ಮರದ ಸುದ್ದಿಯೇ ಇರಲಿಲ್ಲ.

ಬಾಗಿಲ ಬಳಿ ಪಂಚಾಕ್ಷರಿ ತಿರುಗಿ ನಿಂತ. "ಸಾರ್, ಕಾರು ಬಿಸಿಲಿಗೆ ಇಡಿಸಿ. ಆ ಮರದ ಗೊನೆ ಬಲಿತಿದೆ."

ಅಧಿಕಾರಿ ಕೀಲಿ ಹಿಡಿದು ಅವನಿಗಿಂತ ಮೊದಲೇ ಹೊರಗೆ ಓಡಿದರು.