ತಟ್ಟೆ ಇಡ್ಲಿ ಲಕ್ಕಮ್ಮನ ಮಗ ಜಪಾನಿ ಕಲಿತದ್ದು

ಕೇಳೋರು ಹತ್ತಿರ ಬನ್ನಿ, ನಗೋರು ಆಮೇಲೆ ನಗಿ. ಪೆದ್ದ ಅಂದ ತಕ್ಷಣ ಹೇಳಿದ ಮಾತು ಕೇಳದವನು ಅಂದುಕೊಳ್ಳುತ್ತೀರಿ. ನಮ್ಮ ತಿಪ್ಪೇಶ ಅಂಥವನಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಬಂದ ಗ್ರಹಚಾರವೇ ಅದು.

ತುಮಕೂರಿನಿಂದ ಸ್ವಲ್ಪ ಆಚೆ, ಹೆದ್ದಾರಿ ಪಕ್ಕ, ಜಪಾನಿನವರ ಕಾರ್ಖಾನೆ ಗೇಟಿನ ಎದುರಿಗೆ ಅವನವ್ವ ಲಕ್ಕಮ್ಮನ ತಟ್ಟೆ ಇಡ್ಲಿ ಹೋಟೆಲು. ಮಗನಿಗೆ ಇಪ್ಪತ್ತಮೂರು ತುಂಬಿತ್ತು. ಯಾವ ಕೆಲಸಕ್ಕೆ ಸೇರಿಸಿದರೂ ಮೂರನೇ ದಿನ ಅವ್ವನ ಬಾಗಿಲಿಗೆ ವಾಪಸ್. ಲಕ್ಕಮ್ಮನಿಗೆ ಇದ್ದದ್ದು ಒಂದೇ ಆಸೆ, ತಾನು ಕಣ್ಣು ಮುಚ್ಚೋದರೊಳಗೆ ಇವನು ಒಂದು ಕಡೆ ಕೆಲಸದಲ್ಲಿ ನಿಲ್ಲಬೇಕು.

ಕಾರ್ಖಾನೆಯ ಹಿಗುಚಿ ಸಾಹೇಬರು ದಿನಾ ಬೆಳಿಗ್ಗೆ ಅವಳಲ್ಲಿ ಎರಡು ಇಡ್ಲಿ ತಿನ್ನುತ್ತಿದ್ದರು. ಒಂದು ದಿನ ಅವರ ಕಾರು ಓಡಿಸುವ ರುದ್ರೇಶ ಗುಟ್ಟು ಹೇಳಿದ. ಪೆಟ್ಟಿಗೆ ಮೇಲಿನ ಜಪಾನಿ ಅಕ್ಷರ ಓದೋನು ಒಬ್ಬ ಕಾರ್ಖಾನೆಯ ಸಾಮಾನಿನ ಸ್ಟೋರಿಗೆ ಬೇಕಂತೆ, ಜಪಾನಿ ಭಾಷೆಯ ಎಲ್ಲಕ್ಕಿಂತ ಕೆಳಗಿನ ಪರೀಕ್ಷೆ ಪಾಸಾದರೂ ಸಾಕಂತೆ. ಲಕ್ಕಮ್ಮ ಅವತ್ತೇ ಮಗನ ತಲೆಗೆ ಎಣ್ಣೆ ಹಚ್ಚಿ, ಹಿಟ್ಟಿನ ಗಿರಣಿ ಮಹಡಿಯಲ್ಲಿ ಜಪಾನಿ ಹೇಳಿಕೊಡುವ ವೈಜಯಂತಿ ಮೇಡಂ ಹತ್ತಿರ ಕರಕೊಂಡು ಹೋದಳು.

"ಅಯ್ಯೋ, ಇದೇನು ಮಹಾ," ಅಂದ ತಿಪ್ಪೇಶ. ಅವನಿಗೆ ಯಾವುದೂ ಮಹಾ ಅಲ್ಲ.

ಮೇಡಂ ಮೊದಲನೇ ಪಾಠದಲ್ಲೇ ಒಂದು ಉಪಾಯ ಹೇಳಿದರು. ಕಂಡ ವಸ್ತುವಿನ ಹೆಸರು ಜಪಾನಿಯಲ್ಲಿ ಚೀಟಿ ಮೇಲೆ ಬರೆದು ಅದಕ್ಕೇ ಅಂಟಿಸು, ನೋಡಿ ನೋಡಿ ಬಾಯಿಪಾಠ ಆಗುತ್ತೆ. ತಿಪ್ಪೇಶ ರಾತ್ರಿಯೆಲ್ಲ ಬರೆದ, ಬೆಳಿಗ್ಗೆಯೆಲ್ಲ ಅಂಟಿಸಿದ. ಒಲೆಗೆ ಅಂಟಿಸಿದ, ಬಾಗಿಲಿಗೆ ಅಂಟಿಸಿದ, ಬೆಂದ ಇಡ್ಲಿಗೆ ಒಂದೊಂದು ಅಂಟಿಸಿದ. ಶಿರಾ ಕಡೆಯ ಲಾರಿ ಡ್ರೈವರು ತಲೆ ಬಗ್ಗಿಸಿ ತಿನ್ನುತ್ತಿದ್ದ, ಅವನ ಬೋಳು ತಲೆಗೂ 'ಅತಮ' ಅಂತ ಅಂಟಿಸಿದ. ಅತಮ ಅಂದರೆ ತಲೆ, ತಪ್ಪೇನೂ ಇರಲಿಲ್ಲ. ಶಿರಾದವರೆಗೆ ಜನ ಆ ಡ್ರೈವರನ್ನು ನೋಡಿ ನಕ್ಕರು. ಮಾರನೇ ದಿನ ಅವನು ಬಂದು ಲಕ್ಕಮ್ಮನಿಗೆ ಬಾಯಿಗೆ ಬಂದ ಹಾಗೆ ಅಂದು ಹೋದ.

ಲಕ್ಕಮ್ಮ ಹಣೆ ಚಚ್ಚಿಕೊಂಡಳು. "ಅಂಟಿಸೋದು ಗಿಂಟಿಸೋದು ಬೇಡ ಕಣೋ. ಕಂಡಿದ್ದನ್ನ ಗಟ್ಟಿಯಾಗಿ ಬಾಯಲ್ಲಿ ಹೇಳು, ಸಾಕು."

"ಅಷ್ಟೇ ತಾನೆ," ಅಂದ ತಿಪ್ಪೇಶ.

ಆ ವಾರವೇ ಪಕ್ಕದ ಬೀಡಾ ಅಂಗಡಿಯ ಸಿದ್ದಲಿಂಗಪ್ಪಜ್ಜ ತೀರಿಕೊಂಡ. ಅವ್ವ ಮಗ ಇಬ್ಬರೂ ಸಾವಿನ ಮನೆಗೆ ಹೋದರು. ಹೆಂಗಸರು ಗೋಳೋ ಅಂತ ಅಳುತ್ತಿದ್ದರು. ತಿಪ್ಪೇಶನಿಗೆ ಅಲ್ಲಿ ಕಂಡಿದ್ದೆಲ್ಲ ಗೊತ್ತಿದ್ದ ಪದಗಳೇ. ಹೂವಿನ ಹಾರ ನೋಡಿ "ಹನ" ಅಂದ. ತಂಬಿಗೆ ನೀರು ನೋಡಿ "ಮಿಝು" ಅಂದ. ಅಳುತ್ತಿದ್ದ ಅಜ್ಜಿಯ ಕಡೆ ಬೆರಳು ತೋರಿಸಿ "ಒಬಾಸಾನ್" ಅಂತ ಇನ್ನೂ ಗಟ್ಟಿಯಾಗಿ ಅಂದ. ಅಜ್ಜಿ ಅಳು ನಿಲ್ಲಿಸಿ ಯಾರು ಕರೆದರು ಅಂತ ನೋಡಿದಳು. ಹಿಂದೆ ಕೂತಿದ್ದ ಸೊಸೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕುಬಿಟ್ಟಳು. ಸತ್ತ ಮನೆಯಲ್ಲಿ ನಗು ಹತ್ತಿದರೆ ನಿಲ್ಲುತ್ತದೆಯೇ? ಲಕ್ಕಮ್ಮ ಮಗನ ರೆಟ್ಟೆ ಹಿಡಿದು ಹೊರಗೆಳೆದಳು.

"ದೊಡ್ಡೋರ ಮುಂದೆ ತಲೆ ಬಗ್ಗಿಸಿ, ಬಾಯಿ ಮುಚ್ಚಿಕೊಂಡು ನಿಂತ್ಕೋಬೇಕು. ಅವರು ಅತ್ತ ಹೋಗೋವರೆಗೂ ಮಿಸುಕಬಾರದು. ತಿಳೀತಾ?"

ತಿಳಿಯದೆ ಏನು? ಮಾರನೇ ಬೆಳಿಗ್ಗೆ ಹಿಗುಚಿ ಸಾಹೇಬರು ಇಡ್ಲಿಗೆ ಬಂದರು. ತಿಪ್ಪೇಶ ಸೊಂಟದವರೆಗೆ ಬಗ್ಗಿ ನಿಂತ. ಸಾಹೇಬರ ನಾಡಿನಲ್ಲಿ ಒಬ್ಬರು ಬಗ್ಗಿದರೆ ಇನ್ನೊಬ್ಬರೂ ಬಗ್ಗಬೇಕು, ಅವರೂ ಬಗ್ಗಿದರು. ಎದ್ದು ನೋಡಿದರೆ ಇವನು ಇನ್ನೂ ಬಗ್ಗಿಯೇ ಇದ್ದಾನೆ. ಮತ್ತೆ ಬಗ್ಗಿದರು, ಮೊದಲಿಗಿಂತ ಕೆಳಕ್ಕೆ. ಇವನು ಏಳಲಿಲ್ಲ. ಸಾಹೇಬರು ಏನೋ ಕೇಳಿದರು, ಇವನು ತುಟಿ ಬಿಚ್ಚಲಿಲ್ಲ. ಇಡ್ಲಿ ಆರಿತು, ಕಾರ್ಖಾನೆ ಸೈರನ್ ಕೂಗಿತು, ಸಾಹೇಬರು ಹಸಿದುಕೊಂಡೇ ಕಾರು ಹತ್ತಿದರು.

ಲಕ್ಕಮ್ಮನ ಎದೆ ಒಡೆಯಿತು. ಆದರೆ ಸಂಜೆ ರುದ್ರೇಶ ಬಂದು ಬೇರೆಯದೇ ಹೇಳಿದ. ಇಷ್ಟು ಮರ್ಯಾದಸ್ಥ ಹುಡುಗನನ್ನ ನೋಡಿ ಎಷ್ಟು ವರ್ಷ ಆಯಿತು ಅಂತ ಸಾಹೇಬರು ದಾರಿಯುದ್ದಕ್ಕೂ ಹೊಗಳಿದರಂತೆ. ಪಾಸಾಗಿ ಬರಲಿ, ಕೆಲಸ ಇಟ್ಟಿರುತ್ತೀನಿ ಅಂದರಂತೆ. ಲಕ್ಕಮ್ಮ ದೇವರಿಗೆ ಕೈ ಮುಗಿದಳು, ಮಗನಿಗೆ ಬೈದಳು. ಯಾರಾದರೂ ಮಾತಾಡಿಸಿದಾಗ ಮೂಗನ ಹಾಗೆ ನಿಂತರೆ ಪರೀಕ್ಷೆ ಗತಿ ಏನು ಅಂತ ಮತ್ತೆ ಮೇಡಂ ಹತ್ತಿರ ಎಳಕೊಂಡು ಹೋದಳು.

ಮೇಡಂ ಇವನನ್ನು ಟೇಪಿನ ಮುಂದೆ ಕೂರಿಸಿದರು. ಕಿವಿಗೆ ಏನು ಬೀಳುತ್ತೋ ಅದನ್ನೇ ಹಾಗೇ ತಿರುಗಿ ಹೇಳು, ನಾಲಿಗೆ ತಿರುಗುತ್ತೆ ಅಂದರು. ಜಪಾನಿನವರ ರೀತಿ ರಿವಾಜೂ ಕಲಿಸಿದರು. ಅವರು ಹೆಸರಿನ ಕಾರ್ಡು ಕೊಟ್ಟರೆ ಎರಡೂ ಕೈಯಲ್ಲಿ ತಗೋಬೇಕು, ಬಗ್ಗಬೇಕು, ಓದಬೇಕು, ನಿನ್ನ ಕಾರ್ಡು ಅವರಿಗೆ ಕೊಡಬೇಕು. ತಿಪ್ಪೇಶ ಮೂರು ತಿಂಗಳು ಗಿಳಿಯ ಹಾಗೆ ಹೇಳಿದ. ಪದ ಬಂದವು, ವ್ಯಾಕರಣವೂ ಬಂತು. ಸುಳ್ಳಲ್ಲ, ನಿಜವಾಗಿ ಕಲಿತ. ಪರೀಕ್ಷೆ ದಿನ ಬಸ್ಸು ಹತ್ತುವಾಗ, ಪಾಸಾಗಿಯೇ ಬರ್ತೀನಿ ಅವ್ವ, ಸ್ಟೋರಿನ ಬೀಗದ ಕೈ ಇಸ್ಕೊಂಡಿರು ಅಂದ.

ಬರೆಯುವ ಭಾಗ ಲೀಲಾಜಾಲವಾಗಿ ಮುಗಿಯಿತು. ಆಮೇಲೆ ಕೇಳಿಸಿಕೊಂಡು ಉತ್ತರ ಗುರುತು ಹಾಕುವ ಭಾಗ. ಕೋಣೆಯೆಲ್ಲ ನಿಶ್ಶಬ್ದ, ಮೂಲೆಯ ಸ್ಪೀಕರ್ ಪೆಟ್ಟಿಗೆಯಿಂದ ಒಬ್ಬಳು ಜಪಾನಿಯಲ್ಲಿ ಮಾತು ಶುರು ಮಾಡಿದಳು. ಅವಳು ಒಂದು ಮಾತು ಅಂದಳು, ತಿಪ್ಪೇಶ ಅದೇ ಮಾತು ಗಟ್ಟಿಯಾಗಿ ಅಂದ. ಅವಳು ಇನ್ನೊಂದು ಅಂದಳು, ಅವನೂ ಇನ್ನೊಂದು ಅಂದ. ಮೇಲ್ವಿಚಾರಕರು ಓಡಿ ಬಂದು ಶಬ್ದ ಮಾಡಬೇಡ ಅಂದರು. "ಶಬ್ದ ಮಾಡಬೇಡ," ಅಂದ ತಿಪ್ಪೇಶ. ಅವರು ಕಣ್ಣು ಕೆಂಪು ಮಾಡಿ ಎಚ್ಚರಿಕೆಯ ಹಳದಿ ಕಾರ್ಡು ಹಿಡಿದರು.

ಕಾರ್ಡು! ತಿಪ್ಪೇಶ ಎದ್ದು ನಿಂತ, ಎರಡೂ ಕೈಯಲ್ಲಿ ತಗೊಂಡ, ಬಗ್ಗಿದ, ಓದಿದ. ತನ್ನ ಕಾರ್ಡು ಕೊಡಬೇಕಲ್ಲ? ಮೇಜಿನ ಮೇಲೆ ಹಾಲ್ ಟಿಕೆಟ್ ಇತ್ತು, ಅದನ್ನೇ ಎರಡೂ ಕೈಯಲ್ಲಿ ಕೊಟ್ಟ. ಪೆಟ್ಟಿಗೆಯ ಹೆಂಗಸು ಮತ್ತೆ ಮಾತಾಡಿದಳು, ಇವನೂ ಮಾತಾಡಿದ. ಈ ಸಲ ಕೆಂಪು ಕಾರ್ಡು ಬಂತು. ಅದನ್ನೂ ಅಷ್ಟೇ ಮರ್ಯಾದೆಯಿಂದ ತಗೊಂಡ. ಅದರ ಹಿಂದೆಯೇ ಇಬ್ಬರು ಬಂದು ಅವನನ್ನು ಬಾಗಿಲಾಚೆ ಬಿಟ್ಟರು.

ಎದೆ ಉಬ್ಬಿಸಿಕೊಂಡು ಮನೆಗೆ ಬಂದ. ಅಷ್ಟು ಜನರಲ್ಲಿ ತನಗೊಬ್ಬನಿಗೇ ಎರಡು ಕಾರ್ಡು ಕೊಟ್ಟರು ಅಂದ. ಲಕ್ಕಮ್ಮ ಎರಡಕ್ಕೂ ಕುಂಕುಮ ಹಚ್ಚಿ ದೇವರ ಪಟದ ಮುಂದೆ ಇಟ್ಟಳು. ಸಂಜೆ ಮೇಡಂ ಬಂದು, ಕೆಂಪು ಕಾರ್ಡು ಅಂದರೆ ಪರೀಕ್ಷೆಯಿಂದಲೇ ಹೊರಗೆ ಹಾಕಿದ್ದು ಅಂತ ಬಿಡಿಸಿ ಹೇಳಿದರು. ಲಕ್ಕಮ್ಮ ಕುಸಿದು ಕೂತಳು. ಅಷ್ಟು ದಿನದ ಆಸೆಯೆಲ್ಲ ಬಸಿದು ಹೋಗಿ ಅವಳಿಗೆ ಅಳುವೇ ಬಂತು.

"ಇನ್ಮೇಲೆ ಯಾರು ಏನು ಕೊಟ್ಟರೂ ತಗೊಂಡು ಬರಬೇಡ ಕಣಪ್ಪ. ಕೊಟ್ಟೋರಿಗೇ ವಾಪಸ್ ಕೊಟ್ಟುಬಿಡು."

"ಆಗಲಿ ಅವ್ವ, ಅಳಬೇಡ. ಇನ್ನು ತಪ್ಪೋದೇ ಇಲ್ಲ," ಅಂದ ತಿಪ್ಪೇಶ.

ಎಂಟು ದಿನ ಕಳೆಯಿತು. ಈ ಕಥೆಯೆಲ್ಲ ರುದ್ರೇಶನ ಬಾಯಿಂದ ಸಾಹೇಬರ ಕಿವಿಗೆ ಬಿತ್ತು. ಕಣ್ಣಲ್ಲಿ ನೀರು ಬರೋವರೆಗೆ ನಕ್ಕರಂತೆ. ಆಮೇಲೆ ಸುಮ್ಮನೆ ಕೂತು ಯೋಚನೆ ಮಾಡಿದರಂತೆ. ಹೊರಗೆ ಹಾಕುವ ಕಾರ್ಡನ್ನೂ ಎರಡು ಕೈಯಲ್ಲಿ ಇಸ್ಕೊಳ್ಳೋನು ಎಲ್ಲಿ ಸಿಗುತ್ತಾನೆ? ಪರೀಕ್ಷೆ ಬರುವ ವರ್ಷ ಮತ್ತೆ ಬರೀಲಿ, ಕೆಲಸಕ್ಕೆ ಈಗಲೇ ಬರಲಿ ಅಂದರಂತೆ. ಕೆಲಸದ ಕಾಗದಕ್ಕೆ ಮೊಹರು ಹಾಕಿಸಿ, ತಾವೇ ಜೇಬಿನಲ್ಲಿಟ್ಟುಕೊಂಡು ಹೋಟೆಲಿಗೆ ಬಂದರು.

ಲಕ್ಕಮ್ಮ ಒಳಗೆ ಹಬೆಯ ಮುಂದೆ ಇಡ್ಲಿ ತೆಗೆಯುತ್ತಿದ್ದಳು. ಹೊರಗೆ ಸಾಹೇಬರು ಕಾಗದ ಕೊಟ್ಟರು. ತಿಪ್ಪೇಶ ಬಗ್ಗಿ, ಎರಡೂ ಕೈಯಲ್ಲಿ ವಾಪಸ್ ಕೊಟ್ಟ. ಸಾಹೇಬರಿಗೆ ಖುಷಿಯಾಯಿತು. ಒಂದು ಸಲ ಬೇಡ ಅನ್ನುವುದು ಅವರಲ್ಲಿ ಸಂಕೋಚದ ಲಕ್ಷಣ. ಮತ್ತೆ ಕೊಟ್ಟರು, ಮತ್ತೆ ವಾಪಸ್. ಎರಡು ಸಲ ಬೇಡ ಅಂದರೆ ಇನ್ನೂ ಒಳ್ಳೆಯವನು ಅಂದುಕೊಂಡರು. ಮೂರನೇ ಸಲ ಕೊಟ್ಟರು. ತಿಪ್ಪೇಶ ಕಾಗದವನ್ನು ನೀಟಾಗಿ ಮಡಿಸಿ, ಬಿದ್ದುಹೋಗದ ಹಾಗೆ ಸಾಹೇಬರ ಜೇಬಿನೊಳಗೇ ಇಟ್ಟ. ಇಷ್ಟವಿಲ್ಲದವನಿಗೆ ಬಲವಂತ ಮಾಡಬಾರದು ಅಂತ ಸಾಹೇಬರು ಬಗ್ಗಿ ನಮಸ್ಕಾರ ಮಾಡಿ ಕಾರು ಹತ್ತಿದರು.

ಕಾರಿನ ಸದ್ದಿಗೆ ಲಕ್ಕಮ್ಮ ಹೊರಗೆ ಬಂದಳು. ಅದು ಕೆಲಸದ ಕಾಗದ ಕಣಮ್ಮ ಅಂತ ರುದ್ರೇಶ ಕಿಟಕಿಯಿಂದ ಕೂಗಿದ್ದು ಧೂಳಿನಲ್ಲಿ ಕೇಳಿಸಿತು.

"ಅವ್ವ, ಈ ಸಲ ಒಂದು ಚೂರೂ ತಪ್ಪಲಿಲ್ಲ ನೋಡು," ಅಂದ ತಿಪ್ಪೇಶ. "ಮೂರು ಸಲ ಕೊಟ್ಟರು, ಮೂರು ಸಲವೂ ವಾಪಸ್ ಕೊಟ್ಟೆ."

ಲಕ್ಕಮ್ಮ ಬೈಯೋಕೆ ಬಾಯಿ ತೆರೆದಳು. ಯಾರ ಬುದ್ಧಿಮಾತು ಅದು ಅಂತ ನೆನಪಾಗಿ ಮುಚ್ಚಿದಳು. ಎಷ್ಟೆಂದರೂ ಹೆತ್ತವಳು. ಬೆಳಿಗ್ಗೆಯಿಂದ ಏನೂ ತಿಂದಿಲ್ಲವಲ್ಲ ಇವನು ಅಂತ ಬಿಸಿ ಇಡ್ಲಿಗೆ ಬೆಣ್ಣೆ ಹಾಕಿ, ತಟ್ಟೆಯನ್ನು ಮಗನ ಕೈಗೆ ಕೊಟ್ಟಳು.

ತಿಪ್ಪೇಶ ಎರಡೂ ಕೈಯಲ್ಲಿ ತಗೊಂಡ, ಸೊಂಟದವರೆಗೆ ಬಗ್ಗಿದ, ತಟ್ಟೆಯನ್ನು ಅವ್ವನಿಗೇ ವಾಪಸ್ ಕೊಟ್ಟ.