ಹಾಲು ಕುಡಿದ ಉಗಿ ಕಾರು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿಯ ಗುರುಗಳನ್ನು ಎಲ್ಲರೂ ಅಜ್ಜಯ್ಯ ಎಂದೇ ಕರೆಯುತ್ತಿದ್ದರು. ಅವರ ಶಿಷ್ಯ ಭದ್ರೇಶ.

ಆಶ್ರಮದ ಕೊಟ್ಟಿಗೆಯಲ್ಲಿ, ದನಗಳ ಪಕ್ಕದಲ್ಲಿ, ಒಂದು ಉಗಿ ಕಾರು ನಿಂತಿತ್ತು. ಬೆಂಕಿ ಹೊತ್ತಿಸಿ, ಬಾಯ್ಲರಿನಲ್ಲಿ ನೀರು ಕುದಿಸಿ, ಆ ಉಗಿಯ ಬಲದಿಂದ ಓಡಿಸುವಂಥದ್ದು. ಹಿಂದಿನ ಕಾಲದ ಭಕ್ತರೊಬ್ಬರು ಬಿಟ್ಟುಹೋಗಿದ್ದರು. ಅದರ ಸೀಟಿನಲ್ಲಿ ಬೆಕ್ಕು ಮರಿ ಹಾಕುತ್ತಿತ್ತು.

ಭದ್ರೇಶ ಅದರ ಒಂದೊಂದೇ ಭಾಗವನ್ನು ಹುಡುಕಿ ತಂದು ಕೂಡಿಸಿದ. ಒಂದು ದೀಪ ಗುಜರಿ ಅಂಗಡಿಯಲ್ಲಿ ಸಿಕ್ಕಿತು, ಅದರ ಜೋಡಿ ಯಾವುದೋ ಮದುವೆ ಛತ್ರದ ಕಂಬದ ಮೇಲಿತ್ತು. ಗಾಲಿಗಳ ಮುರಿದ ಅರಗಳನ್ನು ಬಡಗಿಯ ಪಕ್ಕದಲ್ಲೇ ಕೂತು ಹೊಸದಾಗಿ ಮಾಡಿಸಿದ. ಭಗವಂತ ಅವನ ಬೆರಳುಗಳಿಗೆ ಅಂಥ ತಾಳ್ಮೆ ಕೊಟ್ಟಿದ್ದ. ನಾಲಿಗೆಗೆ ಕೊಡುವುದನ್ನು ಮಾತ್ರ ಯಾಕೋ ತಡಮಾಡಿದ್ದ.

ಶುಕ್ರವಾರ ಬಂತೆಂದರೆ ಅವನು ಕಾರಿಗೆ ಕುಂಕುಮ ಹಚ್ಚಿ, ತಾನೇ ಕಟ್ಟಿದ ಹಾರ ಹಾಕಿ, ಆರತಿ ಎತ್ತುತ್ತಿದ್ದ. ನೀರು ತುಂಬಿಸುವಾಗ ಮುಚ್ಚಳ ತಿರುಗಿಸಿ, "ಬಾಯಿ ಬಿಡು ತಾಯಿ" ಎನ್ನುತ್ತಿದ್ದ.

ನೋಡಲು ಬಂದವರಿಗೆ ಹೇಳುತ್ತಿದ್ದ: "ಚಪ್ಪಲಿ ಆಚೆ ಬಿಡಿ. ಇದು ಗಾಡಿ ಅಲ್ಲ, ದೇವಿ."

"ಎಂಥ ಭಕ್ತಿ" ಎಂದು ಅವರು ಕೈ ಮುಗಿಯುತ್ತಿದ್ದರು. ಅದು ಭದ್ರೇಶನ ಕಿವಿಗೆ ಹಿತವಾಗಿತ್ತು.

ಒಂದು ಶನಿವಾರ ಪಟ್ಟಣದಿಂದ ಹಳೆಯ ವಾಹನಗಳ ಪ್ರಿಯರು ಬರುವವರಿದ್ದರು. ಅವರೆದುರು ಕಾರು ತನ್ನ ಉಗಿಯಲ್ಲೇ ಆಶ್ರಮದಿಂದ ಹೊಳೆಯವರೆಗೆ ಓಡಬೇಕು. ಇಷ್ಟು ವರ್ಷ ಭದ್ರೇಶ ಕಾದಿದ್ದು ಆ ಒಂದು ಓಟಕ್ಕಾಗಿ.

ಬೆಳಿಗ್ಗೆಯೇ ಬೆಂಕಿ ಹೊತ್ತಿಸಿದ. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ಬಿಳಿ ನೊರೆ ಎದ್ದಿತು. ಆಮೇಲೆ ವಾಸನೆ ಬಂತು. ತಳ ಹಿಡಿದ ಪಾಯಸದ ವಾಸನೆ.

ಭದ್ರೇಶ ಬೆಂಕಿ ಆರಿಸಿದ.

ಅಷ್ಟರಲ್ಲಿ ಆಶ್ರಮದ ಪಾತ್ರೆ ತೊಳೆಯುವ ನೀಲವ್ವ ಖಾಲಿ ಚೊಂಬು ಹಿಡಿದು ಬಂದಳು. ಮುಖವೆಲ್ಲ ನಗು.

"ಕುಡಿದ್ಲೇನಪ್ಪಾ?" ಎಂದು ಕೇಳಿದಳು.

"ಏನು ಕುಡಿದಳು?"

"ಹಾಲು. ಬರೀ ನೀರು ಹಾಕ್ತಿದ್ಯಲ್ಲ, ನನ್ನ ಪಾಲಿಂದು ಉಳಿಸಿ ರಾತ್ರಿ ನಾನೇ ಬಾಯಿಗೆ ಹಾಕ್ದೆ. ಇವತ್ತು ಅಷ್ಟು ದೂರ ನಡೀಬೇಕು ತಾಯಿ."

ಭದ್ರೇಶ ಅವಳ ಕೈಯಿಂದ ಚೊಂಬು ಕಿತ್ತು ಗೋಡೆಗೆ ಬೀಸಿ ಒಗೆದ. ದನಗಳು ಬೆದರಿ ಹಗ್ಗ ಜಗ್ಗಿದವು.

"ಬುದ್ಧಿ ಇದೆಯಾ ನಿನಗೆ? ಹಾಲು ಹಾಕ್ತಾರಾ ಇದಕ್ಕೆ? ಇದೇನು ದೇವರಾ ಹಾಲು ಕುಡಿಯೋಕೆ? ಯಂತ್ರ ಇದು, ಯಂತ್ರ. ಒಳಗಿನ ನಾಳಗಳಿಗೆಲ್ಲ ಹಾಲು ಸುಟ್ಟು ಹತ್ತಿದೆ. ಪಾತ್ರೆ ತೊಳೆಯೋಳು ಪಾತ್ರೆ ತೊಳ್ಕೊಂಡು ಬಿದ್ದಿರಬೇಕು."

ನೀಲವ್ವನ ನಗು ಹೋಯಿತು. ಅವಳು ಕಾರನ್ನು ನೋಡಿದಳು, ಭದ್ರೇಶನನ್ನು ನೋಡಿದಳು.

"ನೀನೇ ಅಂದಿದ್ದಲ್ಲಪ್ಪಾ" ಎಂದಳು.

ಗದ್ದಲ ಕೇಳಿ ಅಜ್ಜಯ್ಯ ಬಂದರು. ಭದ್ರೇಶ ಅವರ ಕಾಲಿಗೂ ಬೀಳಲಿಲ್ಲ.

"ಇವಳು ಇಲ್ಲಿರಬಾರದು ಅಜ್ಜಯ್ಯ. ಇವಳು ಇರೋದಾದರೆ ನಾನಿರೋದಿಲ್ಲ. ನನ್ನ ಇಷ್ಟು ವರ್ಷದ ಕೆಲಸ ಹಾಳು ಮಾಡಿದಳು."

"ಏನು ಮಾಡಿದಳು?"

"ಯಂತ್ರಕ್ಕೆ ಹಾಲು ಹಾಕಿದಳು."

"ಯಂತ್ರಕ್ಕೆ" ಎಂದರು ಅಜ್ಜಯ್ಯ.

ಅವರು ಬಗ್ಗಿ ಮೂಲೆಯಲ್ಲಿ ಬಿದ್ದಿದ್ದ ಚೊಂಬನ್ನು ಎತ್ತಿಕೊಂಡರು. ಅದರ ಹೊಟ್ಟೆ ನೆಗ್ಗಿತ್ತು. ಕಾರಿನ ಕೆಳಗಿನ ನಲ್ಲಿ ತಿರುಗಿಸಿ ಚೊಂಬು ಹಿಡಿದರು. ತುಕ್ಕು ಬೆರೆತ ಬೆಳ್ಳನೆಯ ನೀರು ಹೊಗೆಯಾಡುತ್ತ ಇಳಿಯಿತು. ಆರುವ ತನಕ ಸುಮ್ಮನೆ ನಿಂತರು.

ಆಮೇಲೆ ಅಂಗೈಗೆ ಒಂದಿಷ್ಟು ಹಾಕಿಕೊಂಡು ಕುಡಿದರು. ಒದ್ದೆ ಕೈಯನ್ನು ಕಣ್ಣಿಗೊತ್ತಿ, ನೆತ್ತಿಗೆ ಸವರಿಕೊಂಡರು.

ನೀಲವ್ವ ಸೆರಗು ಸರಿಮಾಡಿಕೊಂಡು ಕೈಯೊಡ್ಡಿದಳು. ಅವಳಿಗೂ ಹಾಕಿದರು. ಅವಳೂ ಕುಡಿದು ಕಣ್ಣಿಗೊತ್ತಿಕೊಂಡಳು.

ಅಜ್ಜಯ್ಯ ಚೊಂಬನ್ನು ಭದ್ರೇಶನ ಕಡೆ ತಿರುಗಿಸಿದರು. "ಹಿಡಿ ಕೈ."

"ಅದು ತೀರ್ಥ ಅಲ್ಲ ಅಜ್ಜಯ್ಯ. ತುಕ್ಕು ನೀರು."

"ಹೌದಾ? ಹಾಗಾದರೆ ಹಾರ ತೆಗೆ."

"ಯಾವ ಹಾರ?"

"ನಿನ್ನೆ ನೀನು ಹಾಕಿದ್ದು. ಕುಂಕುಮಾನೂ ಒರೆಸು. ಯಂತ್ರಕ್ಕೆ ಯಾಕೆ ಅವೆಲ್ಲ?"

ಭದ್ರೇಶ ಸಿಟ್ಟಿನಲ್ಲೇ ಸರಸರನೆ ಹೋಗಿ ಹಾರಕ್ಕೆ ಕೈ ಹಾಕಿದ. ದಾಸವಾಳ ಬಾಡಿತ್ತು, ತುಳಸಿ ಇನ್ನೂ ಹಸಿರಾಗಿತ್ತು. ಜಗ್ಗಿದರೆ ಸಾಕು, ಕಿತ್ತು ಬರುತ್ತಿತ್ತು.

ಅವನು ಜಗ್ಗಲಿಲ್ಲ. ನೀಲವ್ವ ನೋಡುತ್ತಿದ್ದಳು.

ವಾಪಸು ಬಂದು ಅಜ್ಜಯ್ಯನ ಮುಂದೆ ಕೈಯೊಡ್ಡಲು ಹೋದ. ಸುಟ್ಟ ಹಾಲಿನ ವಾಸನೆ ಮೂಗಿಗೆ ಬಡಿಯಿತು. ಕೈ ಅರ್ಧಕ್ಕೇ ನಿಂತಿತು.

ಗಂಟಲಲ್ಲಿ ಸಿಟ್ಟು ಹಾಗೇ ಇತ್ತು. ಅದನ್ನು ಯಾರ ಮೇಲೆ ಉಗುಳಬೇಕೋ ತಿಳಿಯಲಿಲ್ಲ.

"ಎರಡೂ ಆಗ್ತಿಲ್ಲ ಅಜ್ಜಯ್ಯ" ಎಂದ, ಹಲ್ಲು ಕಚ್ಚಿ.

"ಗೊತ್ತು."

ಹೊರಗೆ ಪಟ್ಟಣದ ಗಾಡಿಗಳ ಹಾರ್ನು ಕೇಳಿಸಿತು.

"ಬಂದೇ ಬಿಟ್ಟರು. ಅವರಿಗೆ ಏನಂತ ಹೇಳಲಿ?"

"ದೇವಿ ಇವತ್ತು ಹಾಲು ಕುಡಿದಿದ್ದಾಳೆ, ನಡೆಯೋದಿಲ್ಲ ಅನ್ನು."

"ನಗ್ತಾರೆ."

"ನಗಲಿ. ಇಷ್ಟು ದಿನ ನೀನು ಹೇಳಿದ್ದಕ್ಕೆ ಕೈ ಮುಗಿದಿದ್ದಾರಲ್ಲ."

ಭದ್ರೇಶ ತಲೆ ಎತ್ತಲಿಲ್ಲ. ನೆಲದ ಮೇಲೆ ನಲ್ಲಿಯಿಂದ ಬೆಳ್ಳನೆಯ ಹನಿ ಇನ್ನೂ ತೊಟ್ಟಿಕ್ಕುತ್ತಿತ್ತು.

"ನೀಲವ್ವನನ್ನು ಏನು ಮಾಡ್ತೀರಿ?" ಎಂದು ಕೇಳಿದ.

ಅಜ್ಜಯ್ಯ ನೆಗ್ಗಿದ ಚೊಂಬನ್ನು ನೀಲವ್ವನ ಕೈಗೆ ಕೊಟ್ಟರು.

"ಬರೋ ಶುಕ್ರವಾರದಿಂದ ಆರತಿ ಇವಳು ಎತ್ತಲಿ" ಎಂದರು. "ನೀನು ನಾಳ ಉಜ್ಜು."